ಎಡಗಡೆಯ ಮೂವತ್ತು

ಮಗಳು ಪಾಸಾದಳೆಂದು ಠಸ್ಸೆಯವರು ಇಡೀ ಕಟ್ಟಡಕ್ಕೆ ಸಿಹಿ ಹಂಚಿ ಮುಗಿಸಿ, ಖಾಲಿ ಡಬ್ಬದ ತಳದಲ್ಲಿದ್ದ ಚೂರನ್ನು ಬಾಯಿಗೆ ಹಾಕಿಕೊಳ್ಳುವ ಹೊತ್ತಿಗೆ, ಮಗಳು ಫೇಲಾಗಿದ್ದಾಳೆಂದು ತಿಳಿಯಿತು.

ತಪ್ಪು ಅವರ ಬೆರಳಿನದು. ಶಾಲೆಯ ಗೋಡೆಗೆ ಅಂಟಿಸಿದ್ದ ಫಲಿತಾಂಶದಲ್ಲಿ ಮಗಳ ನಂಬರಿನಿಂದ ಹೊರಟ ಬೆರಳು ಸರಿಯಾಗಿಯೇ ಸಾಗಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರದೋ ಮೊಣಕೈ ತಿವಿಯಿತು, ಬೆರಳು ಒಂದು ಸಾಲು ಮೇಲೆ ಹತ್ತಿತು. ಆ ಸಾಲಿನಲ್ಲಿ ಯಾರದೋ ಮನೆಯ ಹುಡುಗಿ ಎಲ್ಲ ವಿಷಯದಲ್ಲೂ ಪಾಸಾಗಿದ್ದಳು. ಕೆಳಗಿನ ಸಾಲಿನ ಹುಡುಗಿ ಗಣಿತದಲ್ಲಿ ಮುಗ್ಗರಿಸಿದ್ದಳು. ಆ ಕೆಳಗಿನ ಸಾಲಿನವಳೇ ಇವರ ಮಗಳು.

ಹೆಂಡತಿ ಖಾಲಿ ಡಬ್ಬವನ್ನು ನೋಡಿದರು, ಗಂಡನನ್ನು ನೋಡಿದರು. "ಈಗೇನು ಮಾಡ್ತೀರಿ? ಮನೆಮನೆಗೂ ಹೋಗಿ ಸಿಹಿ ವಾಪಸ್ ಇಸ್ಕೊಂಡು ಬರ್ತೀರಾ?"

"ಆಯ್ತು, ಆಯ್ತು," ಎಂದರು ಠಸ್ಸೆಯವರು.

ಇದು ಅವರ ಬಾಯಿಗೆ ಕೂತುಬಿಟ್ಟ ಮಾತು. ಅಂಚೆ ಕಚೇರಿಯ ಪಾರ್ಸೆಲ್ ಕಿಟಕಿಯಲ್ಲಿ ಕೂತು ಬಂದದ್ದಕ್ಕೆಲ್ಲ ಠಸ್ಸೆ ಒತ್ತುವುದು ಅವರ ಉದ್ಯೋಗ. ಯಾರು ಏನು ಹೇಳಿದರೂ "ಆಯ್ತು" ಎನ್ನುವುದು ಅವರ ಸ್ವಭಾವ. ಕಟ್ಟಡದ ಜನ ಎರಡನ್ನೂ ಸೇರಿಸಿ ಅವರಿಗೆ ಠಸ್ಸೆ ಎಂದು ಹೆಸರಿಟ್ಟಿದ್ದರು. ಅವರು ಅದಕ್ಕೂ ಆಯ್ತು ಎಂದಿದ್ದರು.

ಫೇಲಾದ ಸುದ್ದಿ ಹೊಸ್ತಿಲು ದಾಟಬಾರದೆಂದು ಮನೆಯಲ್ಲಿ ತೀರ್ಮಾನವಾಯಿತು. ಹೊಸ್ತಿಲೇನೋ ದಾಟಲಿಲ್ಲ, ಆದರೆ ಫೋನಿಗೆ ಹೊಸ್ತಿಲಿಲ್ಲವಲ್ಲ. ಪಕ್ಕದ ಊರಿನಲ್ಲಿ ಲಾಂಡ್ರಿ ಇಟ್ಟಿದ್ದ ಅವರ ಅಕ್ಕ ಅದೇ ಸಂಜೆ ವಿಷಯವನ್ನು ಬಾಯಿ ಬಿಡಿಸಿಬಿಟ್ಟರು. ಅಕ್ಕ ಎಂದರೆ ಸಾಮಾನ್ಯ ಅಕ್ಕನಲ್ಲ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ತಮ್ಮನ ತಲೆ ನರೆತಿದ್ದರೂ ಅವರ ಲೆಕ್ಕದಲ್ಲಿ ಆತ ಇನ್ನೂ ಸೊಂಟದಿಂದ ಇಳಿದಿರಲಿಲ್ಲ.

"ಮರುಪರೀಕ್ಷೆ ಸೋಮವಾರ ತಾನೆ? ಭಾನುವಾರ ಬರ್ತೀನಿ," ಎಂದರು ಅಕ್ಕ. "ನನ್ನ ಕಣ್ಣೆದುರಿಗೆ ಒಂದು ಲೆಕ್ಕ, ಒಂದೇ ಒಂದು, ಯಾರ ಸಹಾಯಾನೂ ಇಲ್ದೆ ಮಾಡಿ ತೋರಿಸ್ಲಿ. ಮಾಡಿದ್ರೆ ಪರೀಕ್ಷೆಗೆ ಹೋಗ್ಲಿ, ಮುಂದೆ ಓದ್ಲಿ. ಆಗ್ಲಿಲ್ವೋ, ನನ್ನ ಜೊತೆ ಅಂಗಡಿಗೆ ಬರ್ಲಿ. ಅಂಗಿ ಮಡಿಚೋಕೆ ಎಕ್ಸೂ ಬೇಡ, ವೈಯೂ ಬೇಡ."

"ಆಯ್ತು ಅಕ್ಕ," ಎಂದುಬಿಟ್ಟರು ಠಸ್ಸೆಯವರು. ಬಾಗಿಲ ಹಿಂದೆ ನಿಂತಿದ್ದ ಮಗಳ ಮುಖ ಗೋಡೆಯ ಬಣ್ಣಕ್ಕೆ ತಿರುಗಿತು. ಆ ಹುಡುಗಿಗೆ ಕಟ್ಟಡಗಳ ನಕ್ಷೆ ಬರೆಯುವ ಕೆಲಸ ಕಲಿಯಬೇಕೆಂಬ ಆಸೆ. ಹಳೆಯ ಕ್ಯಾಲೆಂಡರುಗಳ ಬೆನ್ನ ಮೇಲೆಲ್ಲ ಅವಳು ಬರೆದ ಮನೆಗಳೇ. ತ್ರಿಭುಜ ಬರೆದರೆ ಮೂಲೆ ಮುಟ್ಟಿ ನೋಡುವಂತಿರುತ್ತಿತ್ತು. ಎಡವುತ್ತಿದ್ದದ್ದು ಬರೀ ಒಂದು ಕಡೆ, ಪ್ಲಸ್ಸು ಮೈನಸ್ಸಿನಲ್ಲಿ.

ಅವಳ ಮುಖ ನೋಡಲಾರದೆ ಠಸ್ಸೆಯವರು ಎದೆ ಸೆಟೆಸಿದರು. "ನಾನಿಲ್ವೇನೇ? ನಾನು ಹೇಳಿಕೊಡ್ತೀನಿ. ಗಣಿತದಲ್ಲಿ ನನಗೆ ನೂರಕ್ಕೆ ನೂರು ಬಂದಿತ್ತು!"

ಇಪ್ಪತ್ತು ವರ್ಷ ತರಕಾರಿ ತಂದ ಗಂಡನ ಚಿಲ್ಲರೆ ಎಣಿಸಿ ಎಣಿಸಿ ಹೆಂಡತಿಗೆ ಈ ನೂರರ ಅಂದಾಜು ಇತ್ತು.

ಅಂದಿನಿಂದ ಠಸ್ಸೆಯವರು ಮಗಳ ಪಠ್ಯಪುಸ್ತಕವನ್ನು ಊಟದ ಚೀಲದಲ್ಲಿ ಅಡಗಿಸಿಕೊಂಡು ಕಚೇರಿಗೆ ಒಯ್ಯತೊಡಗಿದರು. ಪಾರ್ಸೆಲ್ಲುಗಳ ಮರೆಯಲ್ಲಿ ಅಂದಿನ ಪಾಠವನ್ನು ಬಾಯಿಪಾಠ ಮಾಡುವುದು, ಸಂಜೆ ಮನೆಯಲ್ಲಿ ಹುಟ್ಟಿನಿಂದಲೇ ಗೊತ್ತಿತ್ತೆಂಬಂತೆ ಹೇಳಿಕೊಡುವುದು. ಆ ವಾರ ಊರಿನ ಎಷ್ಟೋ ಪಾರ್ಸೆಲ್ಲುಗಳ ಮೇಲೆ ಠಸ್ಸೆ ತಲೆಕೆಳಗಾಗಿ ಬಿತ್ತು.

ಪಾಠ ನಡೆಯುತ್ತಿದ್ದದ್ದು ಅಡುಗೆಮನೆಯಲ್ಲಿ. ನಡುಮನೆಯ ಕಿಟಕಿಗೆ ಹೋಗಿಬರುವವರ ಕಾಟ, ಅಡುಗೆಮನೆಯಲ್ಲಾದರೆ ಗೋಡೆಯ ಎತ್ತರದಲ್ಲಿ ಒಂದು ಗಾಳಿಕಿಂಡಿ ಮಾತ್ರ. ಆ ಗಾಳಿಕಿಂಡಿ ಕಟ್ಟಡದ ನಡುವಿನ ಬಾವಿಯಂಥ ಸಂದಿಗೆ ತೆರೆಯುತ್ತದೆ, ಆ ಸಂದಿಗೆ ಎಲ್ಲ ಮನೆಗಳ ಗಾಳಿಕಿಂಡಿಗಳೂ ತೆರೆಯುತ್ತವೆ, ಅದರಲ್ಲಿ ಹೊಗೆ ಮೇಲಕ್ಕೆ ಹೋದರೆ ಮಾತು ಕೆಳಕ್ಕೆ ಇಳಿಯುತ್ತದೆ ಎಂಬುದನ್ನು ಅವರು ಯೋಚಿಸಿರಲಿಲ್ಲ.

ಆ ವಾರ ಕಟ್ಟಡದಲ್ಲಿ ಇನ್ನೊಂದು ಪರೀಕ್ಷೆಯೂ ಇತ್ತು. ನಿವಾಸಿಗಳ ಸಂಘದ ಚುನಾವಣೆ. ಮೆಟ್ಟಿಲಿನ ಎಡಗಡೆಯ ಮನೆಗಳದ್ದು ಕೊಡೆ ಪಕ್ಷ. ತಾರಸಿ ಸೋರುತ್ತದೆ ಎಂಬುದು ಅವರ ಕೂಗು, ನಿವೃತ್ತ ಬ್ಯಾಂಕ್ ಮ್ಯಾನೇಜರ್ ಅವರ ಅಭ್ಯರ್ಥಿ. ಬಲಗಡೆಯ ಮನೆಗಳದ್ದು ಏಣಿ ಪಕ್ಷ. ಲಿಫ್ಟು ಕೆಟ್ಟಿದೆ ಎಂಬುದು ಅವರ ಗೋಳು, ಹಲ್ಲಿನ ಡಾಕ್ಟರ್ ಅವರ ಅಭ್ಯರ್ಥಿ. ಎರಡೂ ಕಡೆಗೆ ತಲಾ ನಲವತ್ತು ಮತ. ಎಡಗಡೆಯಲ್ಲಿದ್ದ ಠಸ್ಸೆಯವರ ಅಂಗಿಗೆ ಯಾರೋ ಕೊಡೆಯ ಚಿಹ್ನೆ ಚುಚ್ಚಿದ್ದರು, ಅವರು ಆಯ್ತು ಎಂದಿದ್ದರು.

ಬುಧವಾರ ಸಂಜೆ ಪುಸ್ತಕದ ಅತಿ ಕಠಿಣ ಲೆಕ್ಕ ಎದುರಾಯಿತು. ಒಂದು ತ್ರಿಭುಜದ ಒಂದು ಕೋನ ಮೂವತ್ತು ಡಿಗ್ರಿ. ಉಳಿದೆರಡು ಕೋನಗಳು ಎರಡಕ್ಕೆ ಮೂರರ ಅನುಪಾತದಲ್ಲಿವೆ. ಅವೆಷ್ಟು?

"ಬರಿ," ಎಂದರು ಠಸ್ಸೆಯವರು, ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳುತ್ತಾ. "ಒಂದು ಕೋನ ಎರಡು ಎಕ್ಸ್. ಇನ್ನೊಂದು ಮೂರು ಎಕ್ಸ್. ಜೊತೆಗೆ ಮೂವತ್ತು. ಎಲ್ಲ ಕೂಡಿದ್ರೆ?"

"ನೂರ ಎಂಬತ್ತು. ತ್ರಿಭುಜ ಅಲ್ವಾ ಅಪ್ಪ."

"ಭೇಷ್! ಎರಡೂ ಮೂರೂ ಸೇರಿ ಐದು ಎಕ್ಸ್. ಈಗ ಎಡಗಡೆ ಐದು ಎಕ್ಸ್ ಪಕ್ಕದಲ್ಲಿ ಮೂವತ್ತು ಅಡ್ಡ ಕೂತಿದೆ. ಏನು ಮಾಡ್ಬೇಕು?"

"ಬಲಗಡೆಗೆ ಕಳಿಸ್ಬೇಕು."

"ಕಳಿಸು."

ಮಗಳು ಬರೆದಳು. ಐದು ಎಕ್ಸ್ ಸಮ ನೂರ ಎಂಬತ್ತು ಪ್ಲಸ್ ಮೂವತ್ತು.

ಠಸ್ಸೆಯವರು ತಲೆ ಚಚ್ಚಿಕೊಂಡರು. ಬೆಳಗ್ಗೆಯಿಂದ ಉರು ಹೊಡೆದದ್ದೇ ಇದೊಂದನ್ನು. ಸಮೀಕರಣದಲ್ಲಿ ಒಂದು ಸಂಖ್ಯೆ ಈಚೆಯಿಂದ ಆಚೆಗೆ ಹೋದರೆ ಅದಕ್ಕೆ ಪಕ್ಷಾಂತರ ಎನ್ನುತ್ತಾರೆ, ಹೋದ ಕೂಡಲೇ ಪ್ಲಸ್ ಇದ್ದದ್ದು ಮೈನಸ್ ಆಗುತ್ತದೆ. "ಎಷ್ಟು ಸಲ ಹೇಳ್ಲಿ ನಿಂಗೆ?" ಅವರ ದನಿ ಗಾಳಿಕಿಂಡಿ ಮುಟ್ಟಿತು. "ಎಡಗಡೆಯ ಮೂವತ್ತು ಬಲಗಡೆಗೆ ಹೋಗ್ತಾ ಇದೆ! ಪಕ್ಷಾಂತರ! ಪಕ್ಷಾಂತರ ಆದ್ಮೇಲೆ ಚಿಹ್ನೆ ಬದಲಾಗ್ಲೇಬೇಕು! ಆಮೇಲೇ ಬೆಲೆ ಸಿಗೋದು!"

ಕೆಳಗಿನ ಮನೆಯಲ್ಲಿ ಹಾಲು ಕಾಯಿಸುತ್ತಿದ್ದವರು ವಿಮೆ ಏಜೆಂಟರು, ಕೊಡೆ ಪಕ್ಷದ ಕಣ್ಣು, ಕಿವಿ ಮತ್ತು ಬಾಯಿ. ಹಾಲು ಉಕ್ಕಿ ಒಲೆ ಆರಿತು. ಅವರು ಅಲುಗಲಿಲ್ಲ.

ಎಡಗಡೆಯ ನಲವತ್ತರಲ್ಲಿ ಮೂವತ್ತು!

ಮರುದಿನ ಬೆಳಗ್ಗೆ ಠಸ್ಸೆಯವರು ಮೆಟ್ಟಿಲಿಳಿಯುವಾಗ ಏಜೆಂಟರು ಗೋಡೆಗೊರಗಿ ನಿಂತಿದ್ದರು. "ಏನ್ ಠಸ್ಸೆಯವರೇ," ಎಂದರು ಪಿಸುದನಿಯಲ್ಲಿ, "ನಿನ್ನೆ ನಿಮ್ಮ ಅಡುಗೆಮನೆ ಮಾತು ಎಲ್ಲ ಕೇಳಿಸ್ಕೊಂಡೆ."

ಠಸ್ಸೆಯವರು ಪುಸ್ತಕವಿದ್ದ ಊಟದ ಚೀಲವನ್ನು ಬೆನ್ನ ಹಿಂದೆ ಸರಿಸಿದರು. ಮಗಳು ಫೇಲಾದದ್ದು ಗೊತ್ತಾಗಿಹೋಗಿದೆ! ಹಂಚಿದ ಸಿಹಿಯೆಲ್ಲ ಅವರ ಗಂಟಲಿಗೇ ವಾಪಸ್ ಬಂದಂತಾಯಿತು. "ಸಾರ್, ನಿಮ್ಮ ದಮ್ಮಯ್ಯ ಅಂತೀನಿ. ಯಾರಿಗೂ ಹೇಳ್ಬೇಡಿ. ಮರ್ಯಾದೆ ಪ್ರಶ್ನೆ."

"ಅಂದ್ರೆ ನಿಜ ಅನ್ನಿ!"

"ನಿಜ ಸಾರ್. ಆಗಬಾರದಿತ್ತು, ಆಗಿಹೋಯ್ತು."

"ಮೂವತ್ತೂ ಹೋಗೋದು ಖಾತ್ರೀನಾ?"

ಇವರು ಲೆಕ್ಕವನ್ನೂ ಪೂರ್ತಿ ಕೇಳಿಸಿಕೊಂಡಿದ್ದಾರೆ ಎಂದು ಠಸ್ಸೆಯವರಿಗೆ ಇನ್ನಷ್ಟು ನಾಚಿಕೆಯಾಯಿತು. "ಹೋಗ್ಲೇಬೇಕಲ್ಲ ಸಾರ್. ಎಡಗಡೆ ಇಟ್ಕೊಂಡ್ರೆ ಬೆಲೆ ಸಿಗೋದಿಲ್ಲ."

ಏಜೆಂಟರು ಗೋಡೆ ಹಿಡಿದುಕೊಂಡರು. "ಇದರ ಹಿಂದೆ ಯಾರಿದ್ದಾರೆ?"

"ಯಾರೂ ಇಲ್ಲ ಸಾರ್. ಎಲ್ಲ ನಾನೊಬ್ಬನೇ ಹೇಳಿಕೊಡ್ತಿರೋದು," ಎಂದರು ಠಸ್ಸೆಯವರು, ಆ ದುಃಖದಲ್ಲೂ ಸ್ವಲ್ಪ ಹೆಮ್ಮೆಯಿಂದ.

ಮಧ್ಯಾಹ್ನದೊಳಗೆ ಸುದ್ದಿ ಕಟ್ಟಡವನ್ನು ಸುತ್ತಿ ಬಂತು. ಕೊಡೆ ಪಕ್ಷದಲ್ಲಿ ಒಬ್ಬರ ಮುಖ ಒಬ್ಬರು ನೋಡದಂತಾದರು. ಆ ಮೂವತ್ತರಲ್ಲಿ ನೀನೂ ಒಬ್ಬನಾ? ಮ್ಯಾನೇಜರ್ ಸಾಹೇಬರು ಹೆಂಡತಿಯನ್ನೇ ಕೂರಿಸಿಕೊಂಡು ಪ್ರಶ್ನೆ ಮಾಡಿದರಂತೆ. ಠಸ್ಸೆಯವರ ಬಾಗಿಲೆದುರು ಒಬ್ಬರಲ್ಲ ಒಬ್ಬರು ಪೇಪರು ಓದುತ್ತಾ ನಿಲ್ಲತೊಡಗಿದರು. ಮೆಟ್ಟಿಲ ಮೇಲೆ ನಿಂತು ಒಂದೇ ಪೇಪರನ್ನು ಸಂಜೆತನಕ ಓದುವವರನ್ನು ಕಂಡು ಠಸ್ಸೆಯವರು, ಈ ಕಟ್ಟಡದಲ್ಲಿ ಎಲ್ಲರಿಗೂ ಎಷ್ಟು ಓದುವ ಹುಚ್ಚು, ನನ್ನ ಮಗಳೊಬ್ಬಳು ಬಿಟ್ಟು, ಎಂದು ನಿಟ್ಟುಸಿರಿಟ್ಟರು.

ಶುಕ್ರವಾರ ಪಾರ್ಸೆಲ್ ಕಿಟಕಿಗೆ ಹಲ್ಲಿನ ಡಾಕ್ಟರೇ ಬಂದರು. ಕೈಯಲ್ಲೊಂದು ಖಾಲಿ ರಟ್ಟಿನ ಪೆಟ್ಟಿಗೆ, ಮುಖದಲ್ಲಿ ಮೂವತ್ತೆರಡೂ ಹಲ್ಲು.

"ವಿಷಯ ತಿಳೀತು. ಧೈರ್ಯವಂತರು ನೀವು. ನನ್ನಿಂದ ಏನು ಆಗ್ಬೇಕು, ಬಾಯ್ಬಿಟ್ಟು ಹೇಳಿ."

ಠಸ್ಸೆಯವರ ಕಣ್ಣು ತುಂಬಿತು. ಫೇಲಾದ ಮಗುವಿಗೆ ಇಂಥ ದೊಡ್ಡವರ ಮರುಕ! "ನಿಮ್ಮಂಥ ಓದಿದವರು ಒಂದು ಗಳಿಗೆ ಮನೆಗೆ ಬಂದು ಕೂತ್ರೆ, ಆ ಮೂವತ್ತರ ಸಮಸ್ಯೆ ಬಗೆಹರಿಯುತ್ತೆ ಸಾರ್."

"ಬರ್ತೀನಿ! ನಾಳೆ ಸಂಜೆ. ಹಿಂದಿನ ಮೆಟ್ಟಿಲಿಂದ ಬರ್ತೀನಿ, ಯಾರ ಕಣ್ಣಿಗೂ ಬೀಳೋದು ಬೇಡ."

"ಎಷ್ಟು ಸೂಕ್ಷ್ಮ ಸಾರ್ ನಿಮಗೆ!" ಎಂದು ಠಸ್ಸೆಯವರು ಆ ಖಾಲಿ ಪೆಟ್ಟಿಗೆಗೇ ಠಸ್ಸೆ ಒತ್ತಿ ಕಳಿಸಿದರು.

ಶನಿವಾರ ಸಂಜೆ ಡಾಕ್ಟರು ಹಿಂದಿನ ಮೆಟ್ಟಿಲಿನಿಂದ ಬಂದು ಅಡುಗೆಮನೆಯಲ್ಲಿ ಕೂತಿದ್ದೂ, ಮ್ಯಾನೇಜರ್ ಸಾಹೇಬರು ಮುಂದಿನ ಬಾಗಿಲು ಬಡಿದಿದ್ದೂ ಒಂದೇ ಆಯಿತು. ಅವರ ಹಿಂದೆ ಏಜೆಂಟರು. ಮಗಳು ಪುಸ್ತಕ ಎದೆಗವಚಿಕೊಂಡು ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡಳು.

"ಒಳಗೆ ಯಾರಿದ್ದಾರೆ?" ಎಂದರು ಸಾಹೇಬರು.

ಮಗಳ ಬಗ್ಗೆಯೇ ಕೇಳುತ್ತಿದ್ದಾರೆಂದುಕೊಂಡರು ಠಸ್ಸೆಯವರು. "ಯಾ... ಯಾರೂ ಇಲ್ಲ ಸಾರ್. ಓದ್ತಾ ಇಲ್ಲ."

"ಓದ್ತಾ ಇಲ್ಲ ಅಂದ್ರೆ?"

ಅಡುಗೆಮನೆಯಲ್ಲಿ ಡಾಕ್ಟರ ಮೊಣಕೈ ತಗುಲಿ ಪಾತ್ರೆಯೊಂದು ಉರುಳಿತು. ಏಜೆಂಟರು ಒಳಗೆ ಇಣುಕಿದರು. ಒಲೆಯ ಪಕ್ಕದಲ್ಲಿ ಏಣಿ ಪಕ್ಷದ ಅಭ್ಯರ್ಥಿ ಕೂತಿದ್ದರು. ಮೊದಲು ಮಾತಾಡಿದ್ದು ಠಸ್ಸೆಯವರ ಹೆಂಡತಿ. "ಎಲ್ಲರೂ ಬಂದಿದ್ದೀರಿ, ಟೀ ಮಾಡ್ಲಾ?"

"ನಾಳೆ ಸಭೆಯಲ್ಲಿ ಕುಡಿಸ್ತೀನಿ ಎಲ್ಲರಿಗೂ!" ಎಂದು ಸಾಹೇಬರು ಧಡಧಡನೆ ಹೊರಟುಹೋದರು. ಡಾಕ್ಟರೂ ಹಿಂದಿನ ಮೆಟ್ಟಿಲು ಹಿಡಿದರು. ಆ ಸಂಜೆ ಲೆಕ್ಕ ಒಂದಕ್ಷರವೂ ಮುಂದೆ ಸಾಗಲಿಲ್ಲ. ಮಗಳು ಮಲಗುವ ಮುಂಚೆ ಇನ್ನೊಂದು ಸಲ ಪ್ರಯತ್ನಿಸಿದಳು. ಮತ್ತೆ ನೂರ ಎಂಬತ್ತು ಪ್ಲಸ್ ಮೂವತ್ತು. ಠಸ್ಸೆಯವರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

ಭಾನುವಾರ ಕಟ್ಟಡದ ಕೆಳಗೆ, ಕಾರುಗಳನ್ನು ಹೊರಗೆ ತಳ್ಳಿ ಕುರ್ಚಿ ಹಾಕಿದ್ದರು. ಎಡಗಡೆ ಕೊಡೆಯವರು, ಬಲಗಡೆ ಏಣಿಯವರು, ನಡುವೆ ಒಬ್ಬರು ಹಾಯುವಷ್ಟು ದಾರಿ, ಎದುರಿಗೆ ಕರಿ ಹಲಗೆ. ಮತದಾನಕ್ಕೆ ಮೊದಲೇ ಸಾಹೇಬರು ಎದ್ದು ನಿಂತರು.

"ನಮ್ಮ ನಡುವೆ ಒಬ್ಬ ದ್ರೋಹಿ ಇದ್ದಾನೆ! ನಮ್ಮ ಮೂವತ್ತು ಮತಗಳನ್ನ ಆ ಕಡೆಗೆ ಸಾಗಿಸೋಕೆ ಬೆಲೆ ಮಾತಾಡಿದ್ದಾನೆ! ಠಸ್ಸೆಯವರೇ, ಎದ್ದೇಳಿ! ಆ ಮೂವತ್ತು ಯಾರು?"

ಠಸ್ಸೆಯವರು ಎದ್ದರು. ಆಗಷ್ಟೇ ಅವರಿಗೆ, ಬಾವಿಯ ತಳದಿಂದ ಕೊಡ ಮೇಲೆ ಬಂದ ಹಾಗೆ, ಎಲ್ಲ ಒಂದೊಂದಾಗಿ ಹೊಳೆಯಿತು. ಒಂದು ಮಾತು ಸಾಕಿತ್ತು. ಅದು ಲೆಕ್ಕ ಸ್ವಾಮಿ, ನನ್ನ ಮಗಳು ಫೇಲಾಗಿದ್ದಾಳೆ. ಆದರೆ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತ ಮಗಳು ಕಂಡಳು.

"ನೋಡಿ, ನೋಡಿ! ಉತ್ತರ ಇಲ್ಲ!" ಎಂದು ಏಜೆಂಟರು ಕೂಗಿದರು.

"ಅದು ಲೆಕ್ಕ."

ದನಿ ಎಷ್ಟು ಸಣ್ಣದಿತ್ತೆಂದರೆ ಯಾರದೆಂದು ಎಲ್ಲರೂ ಹುಡುಕಬೇಕಾಯಿತು. ಮಗಳು ಎದ್ದು ನಿಂತಿದ್ದಳು. "ಅಪ್ಪ ನಂಗೆ ಲೆಕ್ಕ ಹೇಳಿಕೊಡ್ತಿದ್ರು. ನಾನು ಗಣಿತದಲ್ಲಿ ಫೇಲು. ನಾಳೆ ಮರುಪರೀಕ್ಷೆ. ಮೂವತ್ತು ಅಂದ್ರೆ ಒಂದು ಕೋನ."

"ಮತ್ತೆ ಆ ಸಿಹಿ?" ಎಂದು ಯಾರೋ ಕೇಳಿದರು.

"ಕೋನವಂತೆ! ಚೆನ್ನಾಗಿ ಹೇಳಿಕೊಟ್ಟಿದ್ದಾರೆ ಹುಡುಗಿಗೆ," ಎಂದರು ಏಜೆಂಟರು.

"ಸುಳ್ಳೋ ನಿಜವೋ ಇಲ್ಲೇ ಗೊತ್ತಾಗುತ್ತೆ." ಈ ದನಿ ಹಿಂದಿನಿಂದ ಬಂತು, ಹುಡುಕಬೇಕಾಗಿರಲಿಲ್ಲ. ಗೇಟಿನಲ್ಲಿ ಅಕ್ಕ ನಿಂತಿದ್ದರು. ಕೈಯಲ್ಲಿ ಇಸ್ತ್ರಿ ಮಾಡಿ ಮಡಿಸಿದ ಒಂದು ದೊಡ್ಡ ಖಾಲಿ ಚೀಲ. "ಹಲಗೆ ಇದೆ, ಬಳಪ ಇದೆ. ಬಾರೇ ಇಲ್ಲಿ, ಅದೇ ಲೆಕ್ಕ ಮಾಡು. ಬಂದ್ರೆ ಸರಿ, ಇಲ್ದಿದ್ರೆ ಬಟ್ಟೆ ತುಂಬ್ಕೋ. ಮತ್ತೆ ನೀನು" ಎಂದು ತಮ್ಮನತ್ತ ತಿರುಗಿದರು, "ತುಟಿ ಎರಡು ಮಾಡಿದ್ರೆ ನೋಡು."

ಠಸ್ಸೆಯವರು ಆಯ್ತು ಎನ್ನಲೂ ಹೆದರಿ ತಲೆಯಾಡಿಸಿದರು.

ಮಗಳು ಹಲಗೆಯ ಮುಂದೆ ನಿಂತಳು. ಮೊದಲು ತ್ರಿಭುಜ ಬರೆದಳು. ಅಳತೆಪಟ್ಟಿಯಿಲ್ಲದೆ ಬರೆದ ಆ ಗೆರೆಗಳತ್ತ ಎರಡೂ ಪಕ್ಷದವರು ಕತ್ತು ಚಾಚಿದರು. ಒಂದು ಮೂಲೆಯಲ್ಲಿ ಮೂವತ್ತು, ಉಳಿದೆರಡರಲ್ಲಿ ಎರಡು ಎಕ್ಸ್, ಮೂರು ಎಕ್ಸ್. ಮೂರನ್ನೂ ಕೂಡಿ ನೂರ ಎಂಬತ್ತಕ್ಕೆ ಸಮ ಎಂದು ಬರೆದಳು. ಕೆಳಗಿನ ಸಾಲಿನಲ್ಲಿ ಐದು ಎಕ್ಸ್. ಸಮ. ನೂರ ಎಂಬತ್ತು.

ಬಳಪ ನಿಂತಿತು.

"ಪ್ಲಸ್ ಮೂವತ್ತು, ಬರಿಯಮ್ಮ," ಎಂದರು ಮ್ಯಾನೇಜರ್ ಸಾಹೇಬರು, ಬ್ಯಾಂಕಿನ ದನಿಯಲ್ಲಿ. "ಮೇಲೆ ಪ್ಲಸ್ ಇದೆ, ಕೆಳಗೂ ಪ್ಲಸ್ಸೇ. ಮೂವತ್ತೈದು ವರ್ಷ ಕೂಡಿದವನು ನಾನು."

"ಅವರು ಪ್ಲಸ್ ಅಂದ್ರಾ?" ಡಾಕ್ಟರು ಎದ್ದರು. "ಹಾಗಾದ್ರೆ ಖಂಡಿತ ಮೈನಸ್ಸೇ!"

"ಪ್ಲಸ್! ಪ್ಲಸ್!" ಎಂದರು ಎಡಗಡೆಯವರು.

"ಮೈನಸ್! ಮೈನಸ್!" ಎಂದರು ಬಲಗಡೆಯವರು. ಕೈಗಳು ಎದ್ದವು. ಚುನಾವಣೆ ಅಧ್ಯಕ್ಷರಿಗೆ ನಡೆಯುವ ಮೊದಲು ಮೂವತ್ತಕ್ಕೇ ನಡೆದುಹೋಯಿತು. ಗಣಿತದ ಇತಿಹಾಸದಲ್ಲಿ ಒಂದು ಚಿಹ್ನೆಗಾಗಿ ಇಷ್ಟು ಜನ ಗಂಟಲು ಹರಿದುಕೊಂಡದ್ದು ಇಲ್ಲ.

ಅಕ್ಕ ಚೀಲದ ಮಡಿಕೆ ಒಂದು ಸುತ್ತು ಬಿಚ್ಚಿದರು.

ಠಸ್ಸೆಯವರು ಕೊಡೆಯವರ ಮೊದಲ ಸಾಲಿನಲ್ಲಿ ನಿಂತೇ ಇದ್ದರು. ಬಾಯಿಯಲ್ಲಿ ಮೈನಸ್ ಎಂಬ ಮಾತು ಬಿಸಿ ಕೆಂಡದಂತೆ ಹೊರಳುತ್ತಿತ್ತು. ನುಂಗುವಂತಿಲ್ಲ, ಉಗುಳುವಂತಿಲ್ಲ. ಅವರು ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಆಮೇಲೆ ತಮ್ಮ ಬದುಕಿನಲ್ಲಿ ಯಾರೂ ಹೇಳದೆ ಮಾಡಿದ ಮೊದಲ ಕೆಲಸ ಮಾಡಿದರು. ನಡೆಯತೊಡಗಿದರು.

ಎಡಗಡೆಯ ಸಾಲಿನಿಂದ ಹೊರಬಂದರು. ನಡುವಿನ ದಾರಿಯಲ್ಲಿ ನಿಂತರು. ಅಂಗಿಯ ಮೇಲಿದ್ದ ಕೊಡೆಯನ್ನು ಎಲ್ಲರಿಗೂ ಕಾಣುವಂತೆ ಕಿತ್ತು ಜೇಬಿಗಿಳಿಸಿದರು. ದಾರಿ ದಾಟಿ ಬಲಗಡೆಗೆ ಹೋದರು. ಏಣಿಯವರೊಬ್ಬರ ಎದೆಯಿಂದ ಏಣಿಯ ಚಿಹ್ನೆ ತೆಗೆದು ತಮ್ಮ ಅಂಗಿಗೆ ಚುಚ್ಚಿಕೊಂಡರು. ಒಂದು ಖಾಲಿ ಕುರ್ಚಿಯಲ್ಲಿ ಕೂತು, ಮಗಳತ್ತ ನೋಡಿದರು.

"ಪಕ್ಷಾಂತರ!" ಎಂದು ಏಜೆಂಟರು ಚೀರಿದರು. "ಕಣ್ಣೆದುರಿಗೇ! ಚಿಹ್ನೆ ಬದಲಾಯಿಸಿಬಿಟ್ಟ!"

ಹಲಗೆಯ ಮೇಲೆ ಬಳಪ ಅಡ್ಡಕ್ಕೆ ಒಂದೇ ಗೆರೆ ಎಳೆದ ಸದ್ದು ಕೇಳಿಸಿತು. ಮೈನಸ್.

ಆಮೇಲೆ ಬಳಪ ನಿಲ್ಲಲಿಲ್ಲ. ನೂರ ಎಂಬತ್ತರಲ್ಲಿ ಮೂವತ್ತು ಹೋದರೆ ನೂರ ಐವತ್ತು. ಐದರಿಂದ ಭಾಗಿಸಿದರೆ ಎಕ್ಸಿನ ಬೆಲೆ ಮೂವತ್ತು. ಎರಡು ಎಕ್ಸ್ ಎಂದರೆ ಅರವತ್ತು, ಮೂರು ಎಕ್ಸ್ ಎಂದರೆ ತೊಂಬತ್ತು. ಕೊನೆಗೆ ಅವಳು ಯಾರೂ ಕೇಳದಿದ್ದರೂ ಮೂರನ್ನೂ ಕೂಡಿ ತೋರಿಸಿದಳು. ಮೂವತ್ತು, ಅರವತ್ತು, ತೊಂಬತ್ತು. ನೂರ ಎಂಬತ್ತು.

"ಸರಿಯಾಗೇ ಇದೆ," ಎಂದರು ಮ್ಯಾನೇಜರ್ ಸಾಹೇಬರು, ತಾವೇ ಹೇಳಿಕೊಟ್ಟವರಂತೆ.

ಅಕ್ಕ ಹಲಗೆಯನ್ನು ಬಹಳ ಹೊತ್ತು ನೋಡಿದರು. ಅವರಿಗೆ ಅದರಲ್ಲಿ ಅರ್ಥವಾದದ್ದು ಎಷ್ಟೋ ಏನೋ. "ಗೆರೆ ನೆಟ್ಟಗಿದೆ," ಎಂದರು. ಮತ್ತೆ ತಮ್ಮನ ಕಡೆ ನೋಡಿ, "ಇವನು ಬಾಯಿ ತೆರೀಲಿಲ್ಲ, ನಾನೇ ಸಾಕ್ಷಿ," ಎಂದರು. ಚೀಲವನ್ನು ಅದರ ಹಳೆಯ ಮಡಿಕೆಗಳ ಮೇಲೆಯೇ ಮತ್ತೆ ಮಡಿಸಿದರು.

ಮತದಾನ ನಡೆಯಿತು. ಈಗ ಎಲ್ಲರ ಕಣ್ಣೂ ಠಸ್ಸೆಯವರೊಬ್ಬರ ಮತದ ಮೇಲೆ ನಿಂತಿತ್ತು. ಕೊಡೆಗೆ ಒತ್ತಿದರೆ ಸಮಬಲ, ಇಲ್ಲದಿದ್ದರೆ ಏಣಿಯ ಗೆಲುವು. ಪರದೆಯ ಹಿಂದೆ ಅವರ ಕೈಗೆ ಮತಚೀಟಿಯೂ ರಬ್ಬರ್ ಠಸ್ಸೆಯೂ ಬಂದವು. ಠಸ್ಸೆ ಕಂಡ ಕೈ ಸುಮ್ಮನಿರುತ್ತದೆಯೇ? ವರ್ಷಗಳ ಅಭ್ಯಾಸದಂತೆ ಠಪ್ ಠಪ್ ಎಂದು ಕೊಡೆಗೂ ಏಣಿಗೂ ಒಂದೊಂದು, ದುಂಡಗೆ, ಸ್ಪಷ್ಟವಾಗಿ ಬಿತ್ತು. ಮತ ಅಸಿಂಧುವಾಯಿತು. ಏಣಿ ನಲವತ್ತು, ಕೊಡೆ ಮೂವತ್ತೊಂಬತ್ತು. ಡಾಕ್ಟರು ಗೆದ್ದರು, ಲಿಫ್ಟು ಮಾತ್ರ ಇನ್ನೂ ಕೆಟ್ಟೇ ಇದೆ.

ಸೋಮವಾರ ಮಗಳು ಪರೀಕ್ಷೆ ಬರೆದು ಹೊರಬಂದಾಗ ಠಸ್ಸೆಯವರು ಶಾಲೆಯ ಗೇಟಿಗೆ ಅಂಟಿಕೊಂಡು ನಿಂತಿದ್ದರು.

"ಚಿಹ್ನೆ?"

"ಬದಲಾಯಿಸ್ದೆ ಅಪ್ಪ. ಎಲ್ಲ ಕಡೆ."

ಫಲಿತಾಂಶದ ದಿನ ಠಸ್ಸೆಯವರ ಜೊತೆ ಸಾಹೇಬರೂ ಡಾಕ್ಟರೂ ಏಜೆಂಟರೂ ಶಾಲೆಗೆ ಹೋದರು. ಇವರ ಬೆರಳನ್ನು ಯಾರೂ ನಂಬಲಿಲ್ಲ. ಸಾಹೇಬರು ಸಾಲಿನ ಕೆಳಗೆ ಅಳತೆಪಟ್ಟಿ ಹಿಡಿದರು, ಏಜೆಂಟರು ಹಿಂದಿನಿಂದ ಯಾರ ಮೊಣಕೈಯೂ ಬರದಂತೆ ಕೈ ಚಾಚಿ ನಿಂತರು, ಡಾಕ್ಟರು ಗಟ್ಟಿಯಾಗಿ ಓದಿದರು. ಪಾಸು.

ವಾಪಸ್ ಬರುವಾಗ ಠಸ್ಸೆಯವರಿಗೆ ಕಾಲು ನೆಲದ ಮೇಲಿರಲಿಲ್ಲ. ಮನೆಗೆ ಬಂದವರೇ ಮಗಳ ತಲೆ ಸವರಿ, ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದರು. "ಹೇಳಮ್ಮ, ಅವತ್ತು ನಾನು ಎದ್ದು ಆ ಕಡೆಗೆ ನಡೆದುಹೋಗದೇ ಇದ್ದಿದ್ರೆ ಏನಾಗ್ತಿತ್ತು?"

ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ಕಣ್ಣಲ್ಲೇ ಬೇಡವೆಂದರು. ಆದರೆ ಆ ಹುಡುಗಿಗೆ ಈಗ ಉತ್ತರವನ್ನು ತಾಳೆ ನೋಡಿ ಹೇಳುವ ಅಭ್ಯಾಸವಾಗಿಬಿಟ್ಟಿತ್ತು.

"ನೀವು ನಡೆದುಹೋದ್ರಾ ಅಪ್ಪ?" ಎಂದಳು. "ಯಾವಾಗ? ನಾನು ಹಲಗೆ ಕಡೆ ನೋಡ್ತಾ ಇದ್ದೆ. ಏಜೆಂಟರು ಕೂಗಿದ್ದಷ್ಟೇ ಕೇಳಿಸ್ತು."

ಠಸ್ಸೆಯವರು "ಆಯ್ತು, ಆಯ್ತು," ಎಂದು, ಈ ಸಲ ತಳದ ಚೂರು ತಮಗೇ ಉಳಿಯಲೆಂದು ದೊಡ್ಡ ಡಬ್ಬವನ್ನೇ ಎತ್ತಿಕೊಂಡು ಎಡಗಡೆಗೂ ಬಲಗಡೆಗೂ ಸಿಹಿ ಹಂಚಲು ಹೊರಟರು.